ಹೆರಿಗೆ ಆದ ಮೇಲೆ ಸೋರುತ್ತಾ, ಕೂತರೆ ಉರಿಯುತ್ತಾ? ಪುಡೆಂಡಲ್ ನರಕ್ಕೆ ಪೆಟ್ಟಾದಾಗ ಮಾಡಬೇಕಾದ್ದು

ಕೆಮ್ಮಿದರೆ, ಸೀನಿದರೆ ನಾಲ್ಕು ಹನಿ ಮೂತ್ರ ಸೋರುತ್ತದೆ. ಗಾಳಿ ಹಿಡಿದುಕೊಳ್ಳಲು ಆಗುವುದಿಲ್ಲ, ಮದುವೆ ಮನೆಯ ಪಂಕ್ತಿಯಲ್ಲಿ ಕೂರಲೂ ಭಯ. ಇನ್ನು ಕೆಲವರಿಗೆ ಸೋರುವ ತಾಪತ್ರಯ ಇಲ್ಲ, ಆದರೆ ಹತ್ತು ನಿಮಿಷ ಕೂತರೆ ಸಾಕು, ಕೆಳಗೆ ಉರಿ ಶುರು. ನಮ್ಮ ಮಲೆನಾಡಿನ ಕಡೆ ಇದಕ್ಕೆಲ್ಲ ಒಂದೇ ಉತ್ತರ: "ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಕಣೇ, ಬಿಡು."

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವವಳು. ಹೀಗೆ ವರ್ಷಗಟ್ಟಲೆ ಬಿಟ್ಟು, ಗರ್ಭಕೋಶ ಜಾರಿದ ಮೇಲೆ ಬರುವವರನ್ನು ನೋಡುತ್ತಲೇ ಇರುತ್ತೇನೆ. ಈಗಿನ ಹುಡುಗಿಯರು ಹಾಗಲ್ಲ, ಮೊಬೈಲ್ ನೋಡಿ ತಾವೇ ಕೆಗೆಲ್ ವ್ಯಾಯಾಮ, ಅಂದರೆ ಮೂತ್ರ, ಗಾಳಿ ತಡೆಯುವ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ, ಶುರು ಮಾಡುತ್ತಾರೆ. ಅಲ್ಲೂ ಒಂದು ಎಡವಟ್ಟಿದೆ. ಸೋರುವವರಿಗೆ ಆ ವ್ಯಾಯಾಮ ಒಳ್ಳೆಯದು. ಕೂತರೆ ಉರಿಯುವವರಿಗೆ ಅದರಿಂದಲೇ ನೋವು ಜಾಸ್ತಿ ಆಗಬಹುದು. ಎರಡರ ಹಿಂದೆಯೂ ಒಂದೇ ನರ ಇರಬಹುದು, ಮಾಡಬೇಕಾದ ಕೆಲಸ ಮಾತ್ರ ತದ್ವಿರುದ್ಧ. ಹಾಗಾಗಿ ಯಾವ ವಿಡಿಯೋ ನೋಡುವ ಮೊದಲೂ ನಿಮ್ಮದು ಯಾವ ಬಗೆ ಅಂತ ಗೊತ್ತುಮಾಡಿಕೊಳ್ಳಿ.

ನರ ಎಲ್ಲಿದೆ, ಏನು ಮಾಡುತ್ತೆ

ಸೊಂಟದ ಹಿಂದೆ ತ್ರಿಕೋನದ ಮೂಳೆ ಇದೆಯಲ್ಲ, ಅಲ್ಲಿಂದ ಹೊರಡುವ ಎಸ್2, ಎಸ್3, ಎಸ್4 ಅನ್ನುವ ಮೂರು ಬೇರು ಸೇರಿ ಪುಡೆಂಡಲ್ ನರ ಆಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ಇದರ ದಾರಿ ನೆಟ್ಟಗಿಲ್ಲ. ಸೊಂಟದ ಗೂಡಿನಿಂದ ಒಮ್ಮೆ ಹೊರಗೆ ಬಂದು, ಇಸ್ಕಿಯಲ್ ಸ್ಪೈನ್ ಅನ್ನುವ ಮೂಳೆಯ ಮೊನೆಯ ಹಿಂದಿನಿಂದ ಬಳಸಿಕೊಂಡು, ಮತ್ತೆ ಒಳಗೆ ನುಗ್ಗಿ, ನಾವು ಕೂತಾಗ ಮಣೆಗೆ ಒತ್ತುವ ಮೂಳೆಯ ಒಳಮಗ್ಗುಲಲ್ಲಿ ಒಂದು ಕಿರಿದಾದ ಓಣಿಯಲ್ಲಿ ಮುಂದೆ ಸಾಗುತ್ತದೆ. ಈ ಓಣಿಯನ್ನು 1836ರಲ್ಲಿ ವಿವರಿಸಿದವರು ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್. ನಿಮ್ಮ ಸ್ಕ್ಯಾನ್ ರಿಪೋರ್ಟಿನಲ್ಲಿ ಆಲ್ಕಾಕ್ ಕೆನಾಲ್ ಅಂತ ಇದ್ದರೆ ಗಾಬರಿ ಬೇಡ, ಅದು ರೋಗದ ಹೆಸರಲ್ಲ, ಜಾಗದ ಹೆಸರು.

ಆಮೇಲೆ ಮೂರು ಕವಲು. ಒಂದು ಗುದದ್ವಾರದ ಕಡೆಗೆ, ಇನ್ನೊಂದು ಗುದಕ್ಕೂ ಯೋನಿಗೂ ನಡುವಿನ ಜಾಗಕ್ಕೆ ಮತ್ತು ಮೂತ್ರದ ದಾರಿಯ ಕಡೆಗೆ, ಮತ್ತೊಂದು ಹೆಂಗಸರಲ್ಲಿ ಚಂದ್ರನಾಡಿಗೆ, ಗಂಡಸರಲ್ಲಿ ಶಿಶ್ನಕ್ಕೆ. ಮೂತ್ರ, ಮಲ, ಗಾಳಿ ಇವುಗಳನ್ನು ನಾವು ಬೇಕು ಅಂತ ಬಿಗಿ ಹಿಡಿದುಕೊಳ್ಳುತ್ತೇವಲ್ಲ, ಆ ಬಿಗಿಯುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಈ ನರದ ಮೂಲಕ. ಆ ಜಾಗದ ಸ್ಪರ್ಶ, ನೋವು, ಬಿಸಿ ಗೊತ್ತಾಗುವುದೂ ಇದರಿಂದಲೇ. ಹಾಗಾಗಿ ನರ ಸೋತರೆ ಹಿಡಿತ ತಪ್ಪುತ್ತದೆ, ನರ ಕೆರಳಿದರೆ ಉರಿ ಬರುತ್ತದೆ.

ಪೆಟ್ಟು ಬೀಳುವುದು ಹೇಗೆ? ಮುಖ್ಯವಾಗಿ ಹೆರಿಗೆಯಲ್ಲಿ. ಮಗುವಿನ ತಲೆ ಕೆಳಗೆ ಇಳಿಯುವಾಗ ಸ್ನಾಯುಗಳೆಲ್ಲ ಹಿಗ್ಗುತ್ತವೆ. ನರ ಮಾತ್ರ ಆ ಮೂಳೆಯ ಮೊನೆಯ ಹತ್ತಿರ ಅಲ್ಲಾಡದ ಹಾಗೆ ಸಿಕ್ಕಿಕೊಂಡಿರುತ್ತದೆ, ತುದಿಯ ಕಡೆ ಎಳೆದುಕೊಳ್ಳುತ್ತದೆ. 2005ರಲ್ಲಿ ಬಂದ ಒಂದು ಕಂಪ್ಯೂಟರ್ ಲೆಕ್ಕಾಚಾರದಲ್ಲಿ ಗುದದ ಕಡೆಗೆ ಹೋಗುವ ಕವಲು ತನ್ನ ಉದ್ದದ ಶೇ. 35ರಷ್ಟು ಹಿಗ್ಗುತ್ತದೆ ಅಂತ ಕಂಡಿತ್ತು. ಅದಕ್ಕೂ ಮೊದಲೇ, 1984ರಲ್ಲಿ, ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ತಂಡ ಹೆರಿಗೆ ಆದ ಹೆಂಗಸರ ಈ ನರವನ್ನು ಪರೀಕ್ಷಿಸಿ, ಸಹಜ ಹೆರಿಗೆಯಲ್ಲಿ ಅದಕ್ಕೆ ಪೆಟ್ಟಾಗಬಹುದು ಅಂತ ತೋರಿಸಿತ್ತು. ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ, ಅಂದರೆ ಫೋರ್ಸೆಪ್ಸ್ ಹಾಕಿದ್ದರೆ, ಮುಕ್ಕುವ ಹಂತ ತುಂಬಾ ಹೊತ್ತು ಎಳೆದಿದ್ದರೆ, ಮಗು ದೊಡ್ಡದಿದ್ದರೆ ಅಪಾಯ ಜಾಸ್ತಿ. ಸಮಾಧಾನದ ಮಾತು ಏನೆಂದರೆ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ನರ ಚೇತರಿಸಿಕೊಳ್ಳುತ್ತದೆ. ತುಂಡಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್, ಅದಕ್ಕೇ ಇಷ್ಟು ನಿಧಾನ.

ವರ್ಷಾನುಗಟ್ಟಲೆ ಮಲಬದ್ಧತೆ, ದಿನಾ ಮುಕ್ಕುವುದು, ಇದೂ ನರವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತದೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇನ್ನೊಂದು ಕಾರಣ. ಗಂಡಸರಿಗೆ ಇದು ಬರುವುದಿಲ್ಲ ಅಂತಲ್ಲ. ದಿನವಿಡೀ ಸೈಕಲ್ ತುಳಿಯುವವರಲ್ಲಿ, ಗಂಟೆಗಟ್ಟಲೆ ಕೂತು ಗಾಡಿ ಓಡಿಸುವವರಲ್ಲಿ ಕಾಣುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲವನ್ನೂ ಈ ನರದ ತಲೆಗೆ ಕಟ್ಟಬೇಡಿ. ಗರ್ಭಕೋಶ, ಮೂತ್ರಚೀಲ, ಕರುಳು ಇವನ್ನು ಕೆಳಗಿನಿಂದ ಜೋಲಿಯ ಹಾಗೆ ಹೊತ್ತಿರುವ ಲೆವೇಟರ್ ಸ್ನಾಯುವಿಗೆ ಬೇರೆಯದೇ ನರ ಇದೆ. ಗರ್ಭಕೋಶ ಜಾರುವುದರ ಹಿಂದೆ ಆ ಸ್ನಾಯುವೇ ಮೂಳೆಯಿಂದ ಕಿತ್ತು ಬಂದಿರುವುದು ಎಷ್ಟೋ ಸಲ ಇರುತ್ತದೆ. ಮಲ ಸೋರುತ್ತಿದ್ದರೆ ಹೆರಿಗೆಯಲ್ಲಿ ಗುದದ ಸ್ನಾಯು ಹರಿದಿರಬಹುದು. ನರ, ಸ್ನಾಯು ಎರಡೂ ಒಟ್ಟಿಗೆ ಕೆಟ್ಟಿರುವುದೂ ಉಂಟು.

ನಿಮ್ಮದು ಯಾವ ಬಗೆ

ಮೊದಲನೆಯದು ಸಡಿಲ ಬಗೆ. ಕೆಮ್ಮು, ನಗು, ಭಾರ ಎತ್ತುವಾಗ ಮೂತ್ರ ಸೋರುವುದು. ಗಾಳಿ ಅಥವಾ ತೆಳು ಮಲ ತಡೆಯಲಾಗದಿರುವುದು. ಸಂಜೆ ಹೊತ್ತಿಗೆ ಕೆಳಗೆ ಏನೋ ಇಳಿದ ಹಾಗೆ ಭಾರ. ಒರೆಸಿಕೊಳ್ಳುವಾಗ ಒಂದು ಕಡೆ ಮರಗಟ್ಟಿದ ಹಾಗೆ. ಬಿಗಿಹಿಡಿಯಲು ನೋಡಿದರೆ ಒಳಗೆ ಏನೂ ಅಲ್ಲಾಡಿದ ಅನುಭವವೇ ಇರುವುದಿಲ್ಲ.

ಎರಡನೆಯದು ನೋವಿನ ಬಗೆ. ಇದಕ್ಕೆ ಪುಡೆಂಡಲ್ ನ್ಯೂರಾಲ್ಜಿಯಾ ಅನ್ನುತ್ತಾರೆ. ಫ್ರಾನ್ಸಿನ ನಾಂತ್ ಊರಿನ ವೈದ್ಯರು 2008ರಲ್ಲಿ ಇದನ್ನು ಗುರುತಿಸಲು ಐದು ಅಂಶಗಳನ್ನು ಕೊಟ್ಟರು, ಈಗಲೂ ಡಾಕ್ಟರುಗಳು ನೋಡುವುದು ಅದನ್ನೇ. ನೋವು ಈ ನರ ಹೋಗುವ ಜಾಗದಲ್ಲೇ ಇರಬೇಕು. ಕೂತರೆ ಜಾಸ್ತಿ ಆಗಬೇಕು. ನೋವಿನಿಂದ ರಾತ್ರಿ ಎಚ್ಚರ ಆಗಬಾರದು. ಮುಟ್ಟಿ ನೋಡಿದರೆ ಸ್ಪರ್ಶ ಹೋಗಿರಬಾರದು. ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ನೋವು ಇಳಿಯಬೇಕು. ಕೊನೆಯ ಎರಡು ಡಾಕ್ಟರ ಕೆಲಸ, ಮೊದಲ ಮೂರು ನೀವೇ ನೋಡಿಕೊಳ್ಳಬಹುದು. ಇನ್ನೊಂದು ಗುರುತೂ ಇದೆ: ಕುರ್ಚಿಯ ಮೇಲೆ ಕೂತರೆ ಉರಿ, ಕಮೋಡ್ ಮೇಲೆ ಕೂತರೆ ಆರಾಮ. ನಡುವೆ ತೂತಿರುವುದರಿಂದ ಅಲ್ಲಿ ನರದ ಮೇಲೆ ಒತ್ತಡ ಬೀಳುವುದಿಲ್ಲ.

ರಾತ್ರಿ ನೋವಿಗೆ ಎಚ್ಚರ ಆಗುತ್ತಿದೆ, ಬರೀ ತುರಿಕೆ ಇದೆ, ಬಿಳಿ ಹೋಗುತ್ತಿದೆ, ರಕ್ತ ಬರುತ್ತಿದೆ ಅಂದರೆ ಕಾರಣ ಬೇರೆ ಇರಬಹುದು. ಮೊದಲು ಅದನ್ನು ತೋರಿಸಿ.

ಇದ್ದಕ್ಕಿದ್ದ ಹಾಗೆ ಎರಡೂ ತೊಡೆಯ ನಡುವಿನ ಜಾಗ ಪೂರ್ತಿ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ, ಕಾಲು ಸೋತರೆ ಇದನ್ನು ಓದುತ್ತಾ ಕೂರಬೇಡಿ. ಅದು ಬೆನ್ನುಹುರಿಯ ಬುಡದಲ್ಲಿ ನರಗಳ ಗೊಂಚಲೇ ಒತ್ತಿಹೋದ ಲಕ್ಷಣ ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. ತಡ ಆದಷ್ಟೂ ನರ ವಾಪಸ್ ಬರುವ ಸಾಧ್ಯತೆ ಕಡಿಮೆ.

ಸಡಿಲ ಬಗೆಯವರಿಗೆ

ಅಮೆರಿಕದ ಆರ್ನಾಲ್ಡ್ ಕೆಗೆಲ್ ಅನ್ನುವ ಸ್ತ್ರೀರೋಗ ವೈದ್ಯರು 1948ರಲ್ಲಿ ಹೇಳಿಕೊಟ್ಟ ವ್ಯಾಯಾಮ ಇದು. ಎಲ್ಲರೂ ಬಲ್ಲೆ ಅನ್ನುತ್ತಾರೆ, ಮಾಡಿ ತೋರಿಸಿ ಅಂದರೆ ಹೊಟ್ಟೆ ಎಳೆದುಕೊಳ್ಳುತ್ತಾರೆ, ಇಲ್ಲವೇ ಕುಂಡಿ ಬಿಗಿಯುತ್ತಾರೆ. ಕೆಲವರಂತೂ ಒಳಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಅದು ಇರುವ ತೊಂದರೆಯನ್ನೂ ಹೆಚ್ಚಿಸುತ್ತದೆ.

ಅಂಗಾತ ಮಲಗಿ, ಮಂಡಿ ಮಡಚಿ. ನಾಲ್ಕು ಜನರ ಮಧ್ಯೆ ಗಾಳಿ ಬರುವ ಹಾಗಾಗಿದೆ, ಹೋಗಬಾರದು ಅಂತ ಹಿಡಿದುಕೊಳ್ಳುತ್ತೀರಲ್ಲ, ಹಾಗೆ ಹಿಂದಿನಿಂದ ಬಿಗಿಯಿರಿ. ಆ ಬಿಗಿಯನ್ನು ಹಾಗೇ ಮುಂದಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಒಂದು ಕೈ ಹೊಟ್ಟೆ ಮೇಲಿರಲಿ, ಅದು ಗಟ್ಟಿಯಾಗಬಾರದು. ಉಸಿರು ನಿಲ್ಲಬಾರದು. ಬಾಯಲ್ಲಿ ಒಂದು, ಎರಡು, ಮೂರು ಅಂತ ಎಣಿಸುತ್ತಾ ಮಾಡಿದರೆ ಉಸಿರು ಕಟ್ಟುವುದಿಲ್ಲ. ಸರಿಯಾಗಿ ಆಗುತ್ತಿದೆಯಾ ಅಂತ ಅನುಮಾನ ಇದ್ದರೆ ಕನ್ನಡಿ ಹಿಡಿದು ನೋಡಿ: ಗುದಕ್ಕೂ ಯೋನಿಗೂ ನಡುವಿನ ಜಾಗ ಒಳಕ್ಕೆ ಹೋಗಬೇಕು, ಹೊರಕ್ಕೆ ಉಬ್ಬಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ, ಮೂತ್ರಚೀಲ ಪೂರ್ತಿ ಖಾಲಿ ಆಗದೆ ಉಳಿಯಬಹುದು.

ನರ ಸೋತಿದ್ದರೆ ಮೂರು ಸೆಕೆಂಡ್ ಹಿಡಿಯುವುದೂ ಕಷ್ಟ. ಪರವಾಗಿಲ್ಲ, ಅಲ್ಲಿಂದಲೇ ಶುರು ಮಾಡಿ. ಎಷ್ಟು ಹೊತ್ತು ಹಿಡಿದಿರೋ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ನಿಧಾನಕ್ಕೆ 10 ಸೆಕೆಂಡ್‌ವರೆಗೆ ಬನ್ನಿ. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಚಿಕಿತ್ಸೆ ಹೇಗಿರಬೇಕು ಅಂತ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಹೇಳುವ ಲೆಕ್ಕವೂ ಇದೇ. ಕೊನೆಗೆ ನಾಲ್ಕೈದು ಸಲ ಫಟಫಟ ಅಂತ ಬಿಗಿದು ಬಿಡುವುದನ್ನೂ ಸೇರಿಸಿಕೊಳ್ಳಿ, ಕೆಮ್ಮು ಬಂದಾಗ ಕೆಲಸಕ್ಕೆ ಬರುವುದು ಅದೇ. ಎರಡು ವಾರಕ್ಕೆ ಏನೂ ಆಗಲಿಲ್ಲ ಅಂತ ಬಿಡುವವರೇ ಜಾಸ್ತಿ. ನರಕ್ಕೆ ಎರಡು ವಾರ ಏನೇನೂ ಅಲ್ಲ. ಮೂರು ತಿಂಗಳಾದರೂ ಒಳಗೆ ಏನೂ ಅಲ್ಲಾಡದಿದ್ದರೆ ಒಬ್ಬರೇ ಒದ್ದಾಡಬೇಡಿ. ಬಯೋಫೀಡ್‌ಬ್ಯಾಕ್ ಅನ್ನುವ ಸಣ್ಣ ಮೆಷಿನ್ ಇದೆ, ಬಿಗಿದದ್ದು ಪರದೆಯ ಮೇಲೆ ಕಾಣುತ್ತದೆ. ಮೈಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾದರೆ ಕಲಿಯುವುದು ಸುಲಭ.

ಇದಕ್ಕಿಂತ ಬೇಗ ಫಲ ಕಾಣುವ ಒಂದು ಉಪಾಯ ಇದೆ. ಕೆಮ್ಮು ಬರುವ ಮುಂಚೆ, ಸೀನುವ ಮುಂಚೆ, ಕೊಡ ಎತ್ತುವ ಮುಂಚೆ ಬಿಗಿದು ಹಿಡಿದುಕೊಂಡು, ಕೆಲಸ ಮುಗಿದ ಮೇಲೆ ಬಿಡುವುದು. ಸೊಪ್ಪಿನ ಬೆಟ್ಟದಿಂದ ಹೊರೆ ತರುವವರು, ಹಾಲಿನ ಕ್ಯಾನ್ ಎತ್ತುವವರು, ಬಚ್ಚಲ ಹಂಡೆಗೆ ನೀರು ತುಂಬುವವರು ಇದನ್ನು ರೂಢಿ ಮಾಡಿಕೊಳ್ಳಲೇಬೇಕು. ಹೆರಿಗೆ ಆಗಿ ತಿಂಗಳು ಎರಡು ತಿಂಗಳಲ್ಲಿ ಹೊರೆ ಹೊರುವುದೇ ಬೇಡ, ಅದನ್ನು ಮನೆಯವರಿಗೆ ನೇರವಾಗಿ ಹೇಳಿ. ಹೇಳಲು ಸಂಕೋಚ ಆದರೆ ಡಾಕ್ಟರ ಬಾಯಲ್ಲಿ ಹೇಳಿಸಿ, ಅತ್ತೆ ಅದನ್ನು ಬೇಗ ಕೇಳುತ್ತಾರೆ.

ಬಾಣಂತನದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತಿಂದರೆ ಶೀತ, ಹಣ್ಣು ಮುಟ್ಟಲೇಬೇಡ ಅಂತ ಬರೀ ಅನ್ನ, ಮೆಣಸಿನ ಸಾರು ಕೊಟ್ಟು ಕೂರಿಸುತ್ತಾರೆ. ಮಲ ಕಲ್ಲಾಗುತ್ತದೆ. ಹೊಲಿಗೆ ಹಾಕಿದ ಜಾಗ, ಈಗಷ್ಟೇ ಎಳೆದುಹೋದ ನರ, ಅದರ ಮೇಲೆ ದಿನಾ ಬೆಳಗ್ಗೆ ಮುಕ್ಕುವುದು. ಹಾಲು ಕುಡಿಸುವವಳಿಗೆ ನೀರು ಜಾಸ್ತಿಯೇ ಬೇಕು. ಹರಿವೆ, ಬಸಳೆ, ಬಾಳೆದಿಂಡಿನ ಪಲ್ಯ, ಪಪ್ಪಾಯಿ ಹಣ್ಣು ಎಲ್ಲ ತಿನ್ನಬಹುದು. ಮನೆಯಲ್ಲಿ ಒಪ್ಪದಿದ್ದರೆ ಡಾಕ್ಟರನ್ನು ಕೇಳಿ ಇಸಬ್ಗೋಲ್ ಅಥವಾ ಲ್ಯಾಕ್ಟುಲೋಸ್ ಸಿರಪ್ ತೆಗೆದುಕೊಳ್ಳಿ, ಔಷಧಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಇಸಬ್ಗೋಲ್ ಜೊತೆ ನೀರು ಚೆನ್ನಾಗಿ ಕುಡಿಯಬೇಕು, ಇಲ್ಲದಿದ್ದರೆ ಅದೇ ಕಟ್ಟಿಕೊಳ್ಳುತ್ತದೆ. ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ, ಮುಕ್ಕುವುದು ಕಡಿಮೆ ಆಗುತ್ತದೆ. ಮೊಬೈಲ್ ಹಿಡಿದು ಅರ್ಧ ಗಂಟೆ ಕೂರುವುದು ಬೇಡ.

ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ಬಾಣಂತಿಗೆ ಹಂಡೆಯ ಕುದಿನೀರು ಎರೆಯುವುದು, ಕೆಂಡದ ಕಾವು ಕೊಡುವುದು ನಮ್ಮಲ್ಲಿ ಇದೆ. ಕೆಳಗೆ ಮರಗಟ್ಟಿರುವವಳಿಗೆ ಬಿಸಿ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಚರ್ಮ ಸುಟ್ಟು ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ಸ್ಪರ್ಶ ಸರಿ ಇಲ್ಲ ಅನಿಸಿದರೆ ಆ ಜಾಗಕ್ಕೆ ಉಗುರುಬೆಚ್ಚಗಿನ ನೀರು ಸಾಕು, ಬೆರಳಲ್ಲಿ ಮುಟ್ಟಿ ನೋಡಿ ಹಾಕಿಕೊಳ್ಳಿ. ಕಾವು ಬೇಡ.

ತೆಳು ಮಲ ಸೋರುವವರಿಗೂ ನಾರಿನಂಶ ಬೇಕು, ಮಲ ಸ್ವಲ್ಪ ಗಟ್ಟಿಯಾದರೆ ಹಿಡಿತ ಸುಲಭ. ಕಾಫಿ ಕರುಳನ್ನೂ ಮೂತ್ರಚೀಲವನ್ನೂ ಕೆಣಕುತ್ತದೆ. ಮಲೆನಾಡಿನವರಿಗೆ ಕಾಫಿ ಬಿಡಿ ಅನ್ನುವುದು ಆಗದ ಮಾತು, ಲೋಟ ಚಿಕ್ಕದು ಮಾಡಿ, ಹೊರಗೆ ಹೋಗುವ ದಿನ ತಪ್ಪಿಸಿ. ಮಳೆಗಾಲದ ಕೆಮ್ಮನ್ನು, ಒಲೆಯ ಹೊಗೆಯಿಂದ ಬರುವ ಕೆಮ್ಮನ್ನು ತಿಂಗಳುಗಟ್ಟಲೆ ಎಳೆಯಬೇಡಿ. ಪ್ರತಿ ಕೆಮ್ಮಿಗೂ ಒತ್ತಡ ಬೀಳುವುದು ಕೆಳಗೇ. ಗರ್ಭಕೋಶ ಸ್ವಲ್ಪ ಜಾರಿದ್ದರೆ ಒಳಗೆ ಇಡುವ ಪೆಸರಿ ಅನ್ನುವ ರಿಂಗ್ ಇದೆ, ಆಪರೇಷನ್ ಒಂದೇ ದಾರಿ ಅಲ್ಲ.

ನೋವಿನ ಬಗೆಯವರಿಗೆ

ಇವರಿಗೆ ಮೊದಲ ಕೆಲಸ, ಕೆಗೆಲ್ ನಿಲ್ಲಿಸುವುದು. ಕೆರಳಿದ ನರದ ಸುತ್ತ ಸ್ನಾಯು ಆಗಲೇ ಬಿಗಿದುಕೊಂಡಿರುತ್ತದೆ, ಇನ್ನೂ ಬಿಗಿದರೆ ಉರಿ ಏರುತ್ತದೆ. ಇವರು ಕಲಿಯಬೇಕಾದ್ದು ಬಿಡುವುದನ್ನು. ಮಲಗಿ, ಮಂಡಿಯ ಕೆಳಗೆ ದಿಂಬು ಇಟ್ಟು, ಹೊಟ್ಟೆ ಮೇಲೇಳುವ ಹಾಗೆ ನಿಧಾನಕ್ಕೆ ಉಸಿರು ತೆಗೆದುಕೊಳ್ಳಿ. ಉಸಿರು ಒಳಗೆ ಹೋಗುವಾಗ ಕೆಳಗಿನ ಸ್ನಾಯು ಸಡಿಲ ಆಗುವುದನ್ನು ಗಮನಿಸಿ. ಮುಕ್ಕಬೇಡಿ, ಸುಮ್ನೆ ಬಿಡಿ. ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ.

ಎರಡನೆಯದು ಕೂರುವುದು. ಇಲ್ಲಿ ನಮ್ಮ ಅಡಿಕೆ ಸುಗ್ಗಿಯ ವಿಷಯ ಹೇಳಲೇಬೇಕು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಎದ್ದೇಳುವುದು ಊಟಕ್ಕೆ ಮಾತ್ರ. ಎಷ್ಟು ಸುಲಿದರೆ ಅಷ್ಟು ಕೂಲಿ, ಹಾಗಾಗಿ ಏಳಲು ಯಾರಿಗೂ ಮನಸ್ಸಿರುವುದಿಲ್ಲ. ಗಟ್ಟಿ ಮಣೆ, ಮುಂದೆ ಬಾಗಿದ ಸೊಂಟ, ಇಡೀ ಭಾರ ಆ ಎರಡು ಮೂಳೆಗಳ ಮೇಲೆ ಮತ್ತು ಅವುಗಳ ನಡುವೆ. ಸುಲಿಯುವುದನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಹೊಟ್ಟೆಪಾಡು. ಆದರೆ ಅರ್ಧ ಗಂಟೆಗೊಮ್ಮೆ ಎದ್ದು, ಸುಲಿದ ಅಡಿಕೆ ಸುರಿದು ಬರುವ ನೆಪದಲ್ಲಾದರೂ ನಾಲ್ಕು ಹೆಜ್ಜೆ ನಡೆಯಿರಿ. ಹಳೆಯ ಕಂಬಳಿ ಎರಡು ಸುರುಳಿ ಮಾಡಿ, ಎಡಗುಂಡಿಗೊಂದು ಬಲಗುಂಡಿಗೊಂದು ಬರುವ ಹಾಗೆ ಹಾಸಿ, ನಡುವೆ ಖಾಲಿ ಬಿಡಿ. ಅಂಗಡಿಯಲ್ಲಿ ಕೊಳ್ಳುವುದಾದರೆ ನಡುವೆ ಸೀಳಿರುವ ದಿಂಬು ಕೊಳ್ಳಿ. ಪೈಲ್ಸ್‌ನವರಿಗೆ ಕೊಡುವ ದುಂಡನೆಯ ರಿಂಗ್ ಎಲ್ಲರಿಗೂ ಹೊಂದುವುದಿಲ್ಲ, ಅದರ ಅಂಚೇ ನರವನ್ನು ಒತ್ತಬಹುದು. ಹೊಂಡದ ರಸ್ತೆಯಲ್ಲಿ ಬೈಕ್ ಹಿಂದೆ ಕೂರುವುದು, ಸೈಕಲ್ ತುಳಿಯುವುದು ಸದ್ಯಕ್ಕೆ ಬೇಡ. ಬಸ್ಸಿನಲ್ಲಿ ನಿಂತೇ ಹೋದರೂ ಆರಾಮ ಅನ್ನುವವರಿದ್ದಾರೆ.

ಔಷಧಿಯಲ್ಲಿ ಸಾಮಾನ್ಯ ನೋವಿನ ಮಾತ್ರೆ ಅಷ್ಟು ಕೆಲಸ ಮಾಡುವುದಿಲ್ಲ. ಡಾಕ್ಟರು ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್, ಪ್ರಿಗಾಬಾಲಿನ್ ಇಂಥ ನರದ ನೋವಿನ ಮಾತ್ರೆ ಬರೆಯುತ್ತಾರೆ. ನಿದ್ದೆ ಬರಿಸುತ್ತವೆ, ನಿಧಾನಕ್ಕೆ ಏರಿಸಬೇಕು, ಒಮ್ಮೆಲೇ ನಿಲ್ಲಿಸಬಾರದು. ಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆಗಳಲ್ಲ ಇವು. ಆಮೇಲೆ ನರದ ಹತ್ತಿರ ಇಂಜೆಕ್ಷನ್. ನರ ನಿಜಕ್ಕೂ ಸಿಕ್ಕಿಹಾಕಿಕೊಂಡಿದೆ ಅನಿಸಿ, ಬೇರೆ ಯಾವುದರಿಂದಲೂ ಕಡಿಮೆ ಆಗದಿದ್ದವರಿಗೆ ಮಾತ್ರ ಆಪರೇಷನ್.

ಡಾಕ್ಟರ ಹತ್ತಿರ ಏನು ಹೇಳಬೇಕು

ಓಪಿಡಿಯಲ್ಲಿ ಆಗುವುದು ಹೀಗೆ. "ಏನಮ್ಮಾ ತೊಂದರೆ?" "ಸ್ವಲ್ಪ ಉರಿ ಮೇಡಂ." ಅಷ್ಟೇ. ಹಿಂದೆ ಸಾಲಿನಲ್ಲಿ ಜನ ನಿಂತಿರುತ್ತಾರೆ, ಜೊತೆಗೆ ಬಂದ ಅತ್ತಿಗೆ ಪಕ್ಕದಲ್ಲೇ ಇರುತ್ತಾರೆ. ಉರಿಮೂತ್ರದ ಮಾತ್ರೆ ಹಿಡಿದು ವಾಪಸ್. ಅದಕ್ಕೇ ಚೀಟಿ ಬರೆದುಕೊಂಡು ಹೋಗಿ. ಮೂರು ದಿನ ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು, ಎಷ್ಟು ಹೊತ್ತು ಕೂತರೆ ಉರಿ ಬರುತ್ತದೆ, ಗಾಳಿ ಅಥವಾ ಮಲ ಸೋರುತ್ತದಾ, ಎಲ್ಲ ಬರೆದಿಡಿ. ಮಾತಾಡಲು ನಾಚಿಕೆ ಆದರೆ ಚೀಟಿಯನ್ನೇ ಕೈಗೆ ಕೊಡಿ. ಮಲ ಸೋರುವುದನ್ನು ಮಾತ್ರ ಮುಚ್ಚಿಡಬೇಡಿ. ಡಾಕ್ಟರು ಕೇಳುವುದಿಲ್ಲ, ನಾವು ಹೇಳುವುದಿಲ್ಲ.

ಶುರುವಿಗೆ ತಾಲ್ಲೂಕು ಆಸ್ಪತ್ರೆಯ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗ ಸಾಕು. ಗುದದ ಸ್ನಾಯು ಹರಿದಿದೆಯಾ ಅಂತ ನೋಡುವ ಒಳಗಿನ ಅಲ್ಟ್ರಾಸೌಂಡ್, ಒತ್ತಡ ಅಳೆಯುವ ಮ್ಯಾನೋಮೆಟ್ರಿ ಬೇಕು ಅಂದರೆ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಬೇಕಾಗಬಹುದು. ಆಗುಂಬೆ ಘಾಟಿ ಇಳಿಯುವ ಮುಂಚೆ ಫೋನ್ ಮಾಡಿ, ಆ ಪರೀಕ್ಷೆ ಯಾವ ದಿನ ಮಾಡುತ್ತಾರೆ ಅಂತ ಕೇಳಿಕೊಳ್ಳಿ. ಈ ನರದಲ್ಲಿ ಕರೆಂಟ್ ಎಷ್ಟು ಬೇಗ ಹೋಗುತ್ತದೆ ಅಂತ ಕೈಗವಸಿನ ಬೆರಳಿಗೆ ಎಲೆಕ್ಟ್ರೋಡ್ ಅಂಟಿಸಿ ನೋಡುವ ಹಳೆಯ ಪರೀಕ್ಷೆ ಒಂದಿದೆ. ಅದು ಚೆನ್ನಾಗಿರುವ ಎಳೆಗಳ ವೇಗವನ್ನಷ್ಟೇ ತೋರಿಸುತ್ತದೆ, ನಾರ್ಮಲ್ ಬಂದರೂ ನರಕ್ಕೆ ಪೆಟ್ಟಾಗಿರಬಹುದು. ಅದೊಂದಕ್ಕೇ ಅಂತ ದುಡ್ಡು ಖರ್ಚು ಮಾಡಿಕೊಂಡು ಅಲೆಯಬೇಡಿ.

ಮೂಲವ್ಯಾಧಿ ಅಂತ ಹೇಳಿ ನಾಟಿ ಔಷಧಿ ಹಚ್ಚುವವರ ಹತ್ತಿರ, ಬೋರ್ಡ್ ಹಾಕಿಕೊಂಡು ಒಂದೇ ದಿನದಲ್ಲಿ ಸುಟ್ಟು ತೆಗೆಯುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಮೊದಲೇ ಹಿಡಿತ ಕಡಿಮೆ ಇರುವ ಗುದದ ಸ್ನಾಯುವಿಗೆ ಅಲ್ಲಿ ಇನ್ನಷ್ಟು ಏಟು ಬಿದ್ದರೆ ಸರಿಮಾಡುವುದು ಬಹಳ ಕಷ್ಟ.

ಇನ್ನೊಂದು ಮಗು ಬೇಕು ಅಂತಿದ್ದರೆ ಹಿಂದಿನ ಹೆರಿಗೆಯ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆದಿಡಿ. ಫೋರ್ಸೆಪ್ಸ್ ಹಾಕಿದ್ದರಾ, ಹರಿದದ್ದು ಎಷ್ಟನೇ ಡಿಗ್ರಿ ಅಂತ ಅದರಲ್ಲಿ ಇರುತ್ತದೆ. ಮೂರನೇ ಅಥವಾ ನಾಲ್ಕನೇ ಡಿಗ್ರಿ ಅಂದರೆ ಗುದದ ಸ್ನಾಯುವರೆಗೆ ಹರಿದಿತ್ತು ಅಂತ ಅರ್ಥ. ಅದಿದ್ದು ಈಗಲೂ ಸೋರುತ್ತಿದ್ದರೆ ಸಿಸೇರಿಯನ್ ಒಳ್ಳೆಯದಾ ಅಂತ ಮೊದಲ ತಪಾಸಣೆಯಲ್ಲೇ ಕೇಳಿ, ಒಂಬತ್ತು ತುಂಬುವವರೆಗೆ ಕಾಯಬೇಡಿ. ತಾಯಿ ಕಾರ್ಡಿನಲ್ಲೂ ಅದನ್ನು ಬರೆಸಿ. ಚೀಟಿ ಕಳೆದುಹೋಗಿದ್ದರೆ ಹೆರಿಗೆ ಆದ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಹೆರಿಗೆ ಆದ ತಾರೀಕು ಹೇಳಿ ಪ್ರತಿ ಕೇಳಿ. ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ.